ಸೆನೋಬಿಯೋನ ಮೂರನೆಯ ವರ್ಷ

ನನ್ನ ತಂಗಿಯ ಗಂಡ ಸೆನೋಬಿಯೋ ಒಣಜಂಬದ ಮನುಷ್ಯ. ಬೆಟ್ಟದ ಮೇಲಿನ ನಮ್ಮೂರು ಒರೂರೋದ ಕಾರ್ನಿವಲ್ ಮೆರವಣಿಗೆಯಲ್ಲಿ ಮೊರೆನಾದಾ ಎಂಬ ಮುಖವಾಡದ ಕುಣಿತವೆಂದರೆ ಅವನು ಮೊದಲ ಸಾಲಿನ ನಡುವೆಯೇ ಇರಬೇಕು. ತಂಗಿ ಲೆಯೋಕಾದಿಯಾ ಕಾಯಿಲೆ ಬಿದ್ದಾಗ ಮೂರು ವರ್ಷ ಮೆರವಣಿಗೆಯಲ್ಲಿ ಕುಣಿಯುತ್ತೇನೆಂದು ಕನ್ಯಾಮಾತೆಗೆ ಹರಕೆ ಹೊತ್ತ. ಅದನ್ನೂ ಬ್ಯಾಂಡು ಕರೆಸಿ ಊರಿಗೆಲ್ಲ ಸಾರಿದ. ತಂಗಿ ಉಳಿದಳು. ಮೂರನೆಯ ವರ್ಷಕ್ಕೆ ಅವನಿಗೆ ಎಪ್ಪತ್ತೊಂದು.

ನಾನು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದವಳು. ಮೆರವಣಿಗೆಗೆ ಎರಡು ದಿನ ಮುಂಚೆ ಅವನು ತಂಗಿಯ ಜೊತೆ ಬಂದು, ರಕ್ತದ ಆಮ್ಲಜನಕ ಅಳೆಯುವ ನನ್ನ ಯಂತ್ರಕ್ಕೆ ಬೆರಳು ಕೊಟ್ಟ.

"ನೋಡಿ ಅಕ್ಕ, ಎಂಬತ್ತೇಳು! ಇಷ್ಟು ಎತ್ತರದಲ್ಲಿ ಹುಡುಗರಿಗೂ ಇಷ್ಟೇ ಬರೋದು."

"ಅದು ಕೂತವನ ಲೆಕ್ಕ. ಎದ್ದು ಮೆಟ್ಟಿಲು ಹತ್ತು."

ಎರಡು ಸಲ ಹತ್ತಿಳಿದ. ಎಪ್ಪತ್ತೆರಡು. ತುಟಿಗೆ ನೇರಳೆ ಆಲೂಗಡ್ಡೆಯ ಬಣ್ಣ ಬಂದಿತ್ತು.

"ಗಾಳಿ ಇಲ್ಲಿ ಮೊದಲೇ ತೆಳು," ಎಂದೆ. "ನಿನ್ನ ಹೃದಯ ಹಳೇ ವೇಗಕ್ಕೆ ಏರಲ್ಲ. ತೊಡೆಯ ಸಣ್ಣ ರಕ್ತನಾಳಗಳು ಕಮ್ಮಿಯಾಗಿವೆ. ಬಂದ ಆಮ್ಲಜನಕವನ್ನೂ ಸ್ನಾಯು ಪೂರ್ತಿ ಬಳಸಲ್ಲ. ಅದೇ ಹೆಜ್ಜೆಗೆ ಈಗ ಜಾಸ್ತಿ ಉಸಿರು ಬೇಕು."

"ಉಸಿರು ಮಾತೆ ಕೊಡ್ತಾಳೆ ಬಿಡಿ."

"ಅವಳು ಕೊಟ್ರೂ ನಿನ್ನ ತೊಡೆ ಇಸ್ಕೊಳ್ಳಲ್ಲ."

"ಹಿಂಗೆ ಪಾಠ ಮಾಡಿ ಎಷ್ಟು ಡಾಕ್ಟರುಗಳನ್ನ ಹೆದರಿಸಿದೀರೋ!"

ತಂಗಿ ನಗಲಿಲ್ಲ. "ಹರಕೆ ಮುರಿದವರ ಮನೇಲಿ ಏನಾಯ್ತು ಅಂತ ನಿನಗೂ ಗೊತ್ತಲ್ಲ, ಅಕ್ಕ," ಎಂದಳು.

ಶನಿವಾರ ಮಧ್ಯಾಹ್ನ ಇಪ್ಪತ್ತೈದು ಕಿಲೋ ಉಡುಪು ಹೊತ್ತು ಹೊರಟ. ಮುಖವಾಡ ತೊಟ್ಟವನ ತುಟಿಯ ಬಣ್ಣ ಯಾರಿಗೂ ಕಾಣುವುದಿಲ್ಲ. ನಾನು ರಸ್ತೆಯ ಅಂಚಿನಲ್ಲಿ ಅವನ ಕಾಲನ್ನೇ ನೋಡುತ್ತ ನಡೆದೆ. ಮೂರು ಕಿಲೋಮೀಟರು ಕಾಲು ತಾಳ ತಪ್ಪಲಿಲ್ಲ. ಇಗರ್ಜಿಯ ಕೆಳಗಿನ ಏರಿನಲ್ಲಿ ಎಡಗಾಲು ತಡವಾಗಿ ಎದ್ದಿತು. ಮತ್ತೊಮ್ಮೆ ಏಳಲೇ ಇಲ್ಲ. ನೆಲದ ಮೇಲೆ ಎಳೆದುಕೊಂಡು ಬಂತು. ತಾಳಕ್ಕೆ ಕರಕರ ತಿರುಗಿಸುತ್ತಿದ್ದ ಕೈಯ ಗಿರಗಟ್ಟೆ ನಿಂತಿತು. ಹಿಂದಿನ ಸಾಲು ಅವನ ಬೆನ್ನಿಗೇ ತಾಗುತ್ತಿತ್ತು. ಆ ಉಡುಪಿನಲ್ಲಿ ಯಾರಿಗೂ ಸ್ವಂತ ಪಾದ ಕಾಣುವುದಿಲ್ಲ. ಒಬ್ಬ ಬಿದ್ದರೆ ಅವನ ಮೇಲೆ ಇಪ್ಪತ್ತು ಜನ.

"ಹೊರಗೆ ಬಾ!" ಎಂದು ಕೂಗಿದೆ. ತುತ್ತೂರಿಗಳ ನಡುವೆ ಕೇಳಿಸಿತೋ ಇಲ್ಲವೋ.

ಅವನು ಹೊರಗೆ ಬರಲಿಲ್ಲ. ಹಿಂದಿನ ಸಾಲಿನ ಕುಣಿತಗಾರ ನೆಮೆಸಿಯೋನ ತೋಳು ಹಿಡಿದು ಮೊದಲ ಸಾಲಿನ ನಡುವೆ ತನ್ನ ಜಾಗಕ್ಕೆ ತಳ್ಳಿದ. ತಾನು ಒಂದೊಂದೇ ಸಾಲು ಬಿಟ್ಟುಕೊಡುತ್ತ ಕಟ್ಟಕಡೆಗೆ ಸರಿದ. ಅಲ್ಲಿ ತಿರುಗಿ, ತಾನು ಬಿದ್ದರೂ ಯಾರೂ ಮೇಲೆ ಬೀಳದಂತೆ, ಹಿಂದೆ ಬರುತ್ತಿದ್ದ ಬ್ಯಾಂಡಿನವರಿಗೆ ಇನ್ನೂ ನಾಲ್ಕು ಮಾರು ಹಿಂದೆ ನಿಲ್ಲಿರೆಂದು ಕೈಮಾಡಿ, ಮತ್ತೆ ಏರಿನ ಕಡೆಗೆ ಹೆಜ್ಜೆ ಎತ್ತಿದ.