ಈರುಳ್ಳಿ ಬಿಟ್ಟ ಸಹಾಯರಾಜ್

ಮಾರ್ಚ್ ತಿಂಗಳು ಬಂತೆಂದರೆ ಮೈಸೂರಿನವರಿಗೆಲ್ಲ ತಮಗೊಂದು ಮೂಗಿದೆ ಎಂಬುದು ನೆನಪಾಗುತ್ತದೆ. ಹೂಬಿಟ್ಟ ಬೇವಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿದವರು ಒಂದು ನಿಮಿಷ ಹೆಚ್ಚಿಗೆ ನಿಲ್ಲುತ್ತಾರೆ. ಮಲ್ಲಿಗೆ ಮಾರುವವಳು ಕೂಗುವುದನ್ನೇ ಬಿಡುತ್ತಾಳೆ. ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿದರೆ ಸಾಕು, ಬೀದಿಯೇ ಬಾಗಿಲಿಗೆ ಬರುತ್ತದೆ. ಸಹಾಯರಾಜರಿಗೆ ಈ ತಿಂಗಳನ್ನು ಕಂಡರೆ ಆಗುವುದಿಲ್ಲ.

ಮಂಡಿ ಮೊಹಲ್ಲಾದ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಅವರು ಇಪ್ಪತ್ತೆಂಟು ವರ್ಷದಿಂದ ವಾಸನೆ ನೋಡುವವರು. ಕಾರ್ಖಾನೆ ಎಂದರೆ ಹೊಗೆಗೊಳವೆ, ಸೈರನ್ನು ಎಂದುಕೊಳ್ಳಬಾರದು. ಕೆಳಗೆ ಗೋಣಿಚೀಲದ ಅಂಗಡಿ, ಮೇಲೆ ಮೂರು ಕೋಣೆ, ನಡುವೆ ಒಬ್ಬರು ಹತ್ತುವಾಗ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಮೆಟ್ಟಿಲು. ಸಹಾಯರಾಜ್ ಕಣ್ಣು ಮುಚ್ಚಿ, ಮೂಸಿ, ತಲೆಯಾಡಿಸುವ ತನಕ ಯಾವ ಸರಕೂ ಆ ಮೆಟ್ಟಿಲು ಇಳಿಯುವಂತಿಲ್ಲ. ಪೇಟೆಯಲ್ಲಿ ಅವರನ್ನು ಕರೆಯುವುದೇ ಮೂಗಿನ ಸಹಾಯರಾಜ್ ಎಂದು.

ಆ ಮೂಗು ಸತ್ತು ಮೂರು ವರ್ಷವಾಗಿದೆ.

ಕೊರೊನಾ ಎರಡನೇ ಸಲ ಬಂದಾಗ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಮಲಗಿದರು. ಹೆಂಡತಿ ರೋಸಮ್ಮನ ಮೂಗು ಹನ್ನೆರಡನೇ ದಿನ ವಾಪಸ್ಸು ಬಂತು, ಬಂದದ್ದೇ ಬಚ್ಚಲಿಗೆ ಫಿನಾಯಿಲ್ ಬೇಕು ಎಂದಿತು. ಸಹಾಯರಾಜರದು ಬರಲಿಲ್ಲ. ದಿನಾ ಬೆಳಿಗ್ಗೆ ಕರ್ಪೂರವನ್ನೋ ಲವಂಗವನ್ನೋ ಮೂಸಿ, ಬಂದರೆ ಬರಬಹುದು ಎಂದು ಡಾಕ್ಟರು ಹೇಳಿದರು. ಸಹಾಯರಾಜರ ಲೆಕ್ಕದಲ್ಲಿ ಈ ವಿಷಯ ಗೊತ್ತಿದ್ದದ್ದು ರೋಸಮ್ಮನಿಗೆ ಮಾತ್ರ. ಊದುಬತ್ತಿಯವನಿಗೆ ಮೂಗಿಲ್ಲ ಎಂದು ಪೇಟೆಗೆ ತಿಳಿದರೆ ಐವತ್ತಾರನೇ ವಯಸ್ಸಿನಲ್ಲಿ ಯಾರು ಕರೆದು ಕೂರಿಸುತ್ತಾರೆ? ಅವರಿಗೆ ಬೇರೆ ಕಸುಬು ಬರುವುದಿಲ್ಲ.

ಆ ಶುಕ್ರವಾರವೂ ನಾಲ್ಕೂವರೆಗೆ ಕೋಗಿಲೆ ಎಬ್ಬಿಸಿತು. ಮನೆ ಮುಂದಿನ ಹೊಂಗೆ ಮರದ ಈ ಕೋಗಿಲೆಗೆ ಕವಿಗಳಲ್ಲಿ ಎಷ್ಟು ಒಳ್ಳೆಯ ಹೆಸರಿದೆಯೋ ಬೀದಿಯಲ್ಲಿ ಅಷ್ಟೇ ಕೆಟ್ಟ ಹೆಸರಿದೆ. ಸಹಾಯರಾಜ್ ದಿಂಬಿನ ಪಕ್ಕದ ಡಬ್ಬಿ ತೆಗೆದು ಕರ್ಪೂರ ಮೂಸಿದರು. ಮೂಗಿನೊಳಗೆ ತಣ್ಣಗಾಯಿತು, ಅಷ್ಟೆ. ನೀರಿನಿಂದಲೂ ಅಷ್ಟು ಆಗುತ್ತದೆ.

ಆರು ಗಂಟೆಗೆ ರೋಸಮ್ಮ ಹಾಲಿಟ್ಟು ನಲ್ಲಿಯ ಹತ್ತಿರ ಹೋದರು. ಸಹಾಯರಾಜ್ ಒಲೆಯ ಪಕ್ಕದಲ್ಲೇ ಪೇಪರ್ ಹಿಡಿದು ಕಾವಲು ಕೂತರು. ಅರ್ಧ ಪುಟ ಮುಗಿಯುವಷ್ಟರಲ್ಲಿ ರೋಸಮ್ಮ ಬಿಂದಿಗೆಯನ್ನು ಅಲ್ಲೇ ಬಿಟ್ಟು ಓಡಿಬಂದರು.

“ಹಾಲು ಸೀದದ್ದು ನಲ್ಲಿ ಹತ್ರ ನಿಂತಿರೋ ಆರು ಜನಕ್ಕೆ ಗೊತ್ತಾಯ್ತು. ಪಕ್ಕದಲ್ಲಿ ಕೂತಿರೋರಿಗೆ ಗೊತ್ತಾಗ್ಲಿಲ್ಲ.”

“ಪೇಪರ್ ಓದ್ತಿದ್ದೆ ಕಣೇ.”

“ಓದಿ, ಓದಿ. ಹಾಲಿನ ರೇಟು ಎಷ್ಟಾಗಿದೆ ಅಂತ ಅದ್ರಲ್ಲೇ ಇರುತ್ತೆ.”

ರೋಸಮ್ಮನಿಗೆ ಮಾತನಾಡುವ ಹಕ್ಕಿದೆ. ಕೆಲಸಕ್ಕೆ ಸೇರಿದ ದಿನ ಆಗಿನ ಯಜಮಾನರು, ಮೂಗು ಬೇಕಾದರೆ ಈರುಳ್ಳಿ, ಬೆಳ್ಳುಳ್ಳಿ, ಬೀಡಿ ಮೂರನ್ನೂ ಬಿಟ್ಟು ಬಾ ಎಂದಿದ್ದರು. ಸಹಾಯರಾಜ್ ಬಿಟ್ಟರು. ಎರಡು ವರ್ಷದ ಮೇಲೆ ಮದುವೆಯಾಗಿ ಬಂದ ರೋಸಮ್ಮ, ಚರ್ಚಿಗೆ ಹೋಗುವವರ ಮನೆಯಲ್ಲಿ ಮಠದ ಅಡಿಗೆ ಮಾಡಬೇಕಾಯಿತು. ಈರುಳ್ಳಿಯಿಲ್ಲದ ಹಂದಿ ಸಾರು ತಿಂದ ಬೀಗರು ಎರಡನೇ ಸಲ ಊಟಕ್ಕೆ ಬಂದದ್ದು ಕಡಿಮೆ. “ಎಲ್ರಿಗೂ ತಪಸ್ಸು ಕಾಲದ ಉಪವಾಸ ನಲವತ್ತು ದಿನ, ನಂಗೆ ಇಪ್ಪತ್ತಾರು ವರ್ಷ” ಎಂದು ರೋಸಮ್ಮ ಪಾದ್ರಿಗಳ ಮುಂದೆಯೇ ಹೇಳಿದ್ದುಂಟು. ತಮ್ಮ ಪಾಲಿನ ಈರುಳ್ಳಿಯನ್ನು ಅವರು ಹಿತ್ತಲ ಮೆಟ್ಟಿಲ ಮೇಲೆ ಕೂತು, ರಾಗಿ ರೊಟ್ಟಿಯ ಜೊತೆಗೆ ಹಸಿಯಾಗಿ ತಿನ್ನುತ್ತಾರೆ.

ಮೂಗು ಹೋದ ಮೇಲೂ ಸಹಾಯರಾಜ್ ಈರುಳ್ಳಿ ಮುಟ್ಟಿಲ್ಲ. ನಾಳೆ ಬಂದುಬಿಟ್ಟರೆ? ಇಷ್ಟು ದಿನದ ಮೇಲೆ ಬಂದದ್ದು ಮೊದಲ ದಿನವೇ ಕೆಡಬಾರದಲ್ಲ. ಬಾಡಿಗೆಯವನು ಬಿಟ್ಟುಹೋದ ಮಳಿಗೆಯ ಮುಂದೆ ದಿನಾ ನೀರು ಚಿಮುಕಿಸಿ ಕಾಯುವ ಮಾಲೀಕನ ಹಾಗೆ ಅವರು ಕಾಯುತ್ತಿದ್ದರು.

ಸ್ಕೂಟರಿನ ಸೀಟಿನ ಮೇಲೆ ಹೊಂಗೆ ಹೂ ಅಂಟಿಕೊಂಡಿತ್ತು. ಒರೆಸಿದರೆ ಬಟ್ಟೆಗೆ ಅಂಟುತ್ತದೆ, ಒರೆಸದಿದ್ದರೆ ಪ್ಯಾಂಟಿಗೆ. ಒರೆಸುತ್ತಿದ್ದಾಗ ವಾಕಿಂಗ್ ಮುಗಿಸಿ ಬರುತ್ತಿದ್ದ ಎದುರುಮನೆಯ ನಂಜುಂಡಯ್ಯನವರು ನಿಂತರು.

“ಏನು ಘಮ ಕಣ್ರೀ ಬೇವಿನ ಹೂವು. ನಿಮ್ಮಂಥೋರಿಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ.”

“ಇದೆ ಸಾರ್. ಹೋದ ವರ್ಷದಷ್ಟಿಲ್ಲ.”

“ಹೌದಾ?” ನಂಜುಂಡಯ್ಯನವರು ಇನ್ನೊಮ್ಮೆ ಉಸಿರೆಳೆದುಕೊಂಡರು. “ಹೌದು ನೋಡಿ, ಸ್ವಲ್ಪ ಕಮ್ಮಿನೇ.”

ಮೂರು ವರ್ಷದಲ್ಲಿ ಸಹಾಯರಾಜ್ ಕಲಿತ ವ್ಯಾಪಾರ ಇದು. ಚೆನ್ನಾಗಿದೆ ಎಂದರೆ ಜನ ಮರೆಯುತ್ತಾರೆ, ಹೋದ ವರ್ಷದಷ್ಟಿಲ್ಲ ಎಂದರೆ ನಂಬುತ್ತಾರೆ.

ಬೀದಿಯಲ್ಲಿ ಇದು ಸಾಕು, ಕಾರ್ಖಾನೆಯಲ್ಲಿ ಸಾಲದು. ಅಲ್ಲಿ ಅವರ ಮೂಗಾಗಿದ್ದದ್ದು ಬಸವಮ್ಮನ ಮುಖ. ಬಸವಮ್ಮ ಊದುಬತ್ತಿಯನ್ನು ಸೆಂಟಿಗೆ ಅದ್ದುವ ಹೆಂಗಸು. ಅದ್ದಿ ಒಣಗಿಸಿದ ಸರಕಿನಿಂದ ಒಂದು ಕಡ್ಡಿ ಹಚ್ಚಿ ಸಹಾಯರಾಜರ ಫ್ಯಾನಿಲ್ಲದ ಕೋಣೆಗೆ ತರುವವಳೂ ಅವಳೇ. ವಾಸನೆ ಹದವಾಗಿದ್ದರೆ ಎಲೆಅಡಿಕೆ ಅಗಿಯುತ್ತಿದ್ದ ಅವಳ ಬಾಯಿ ನಿಲ್ಲುತ್ತದೆ. ಮಂಕಾಗಿದ್ದರೆ ಅಗಿಯುತ್ತಲೇ ಇರುತ್ತಾಳೆ. ಘಾಟಾದರೆ ಎಡಗಣ್ಣು ಕಿರಿದಾಗುತ್ತದೆ. ಸಹಾಯರಾಜ್ ಕಣ್ಣು ಮುಚ್ಚಿ ವಾಸನೆ ನೋಡುತ್ತಾರೆ ಎಂದು ಪೇಟೆ ನಂಬಿದೆ. ಪೂರ್ತಿ ಮುಚ್ಚುವುದಿಲ್ಲ.

ಅವತ್ತು ಮೂರು ಗಂಟೆಗೆ ಕೊಳ್ಳೇಗಾಲದ ಸಗಟು ವ್ಯಾಪಾರಿ ಮಹದೇವು ಬರುವವರಿದ್ದರು. ಯುಗಾದಿಗೆ ಮಲ್ಲಿಗೆ ಬತ್ತಿಯೇ ಬೇಕು ಎಂದು ಹೇಳಿ ಕಳಿಸಿದ್ದರು. ಹನ್ನೊಂದು ಗಂಟೆಗೆ ಬಸವಮ್ಮ ಉರಿಯುವ ಕಡ್ಡಿ ಹಿಡಿದು ಒಳಗೆ ಬಂದಳು. ಬಾಯಿ, ಮೂಗು, ಕೆನ್ನೆ ಎಲ್ಲದರ ಮೇಲೂ ಸೆರಗು ಸುತ್ತಿಕೊಂಡಿದ್ದಳು. ಎರಡೂ ಕಣ್ಣಲ್ಲಿ ನೀರು.

“ಏನಾಯ್ತು ಬಸವಮ್ಮ?”

“ನೆಗಡಿ ಕಣಣ್ಣ. ಈ ಹೂವಿನ್ ಧೂಳು ಬಿದ್ರೆ ನಂಗೆ ವರ್ಸವರ್ಸ ಇಂಗೇಯ. ಮೂಗು ಪೂರ್ತಿ ಕಟ್ಕೊಂಬುಟ್ಟದೆ.”

ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅವಳು ಗೋಡೆಗೆ ಒರಗಿದಳು. ಸಹಾಯರಾಜ್ ಕಣ್ಣನ್ನು ಮುಕ್ಕಾಲು ಮುಚ್ಚಿದರು. ನೋಡಲು ಸೆರಗು ಬಿಟ್ಟರೆ ಏನೂ ಇರಲಿಲ್ಲ. ಹೊಗೆ ನೆಟ್ಟಗೆ ಮೇಲೆ ಹೋಯಿತು. ಅಷ್ಟರಲ್ಲಿ ಕಿಟಕಿಯಿಂದ ಒಂದು ಜೇನುನೊಣ ಬಂದು, ಬಸವಮ್ಮನ ತಲೆಯ ಸುತ್ತ ಎರಡು ಸುತ್ತು ಹಾಕಿ ಗುಂಯ್ ಎಂದಿತು. ಸಹಾಯರಾಜರಿಗೆ ಜೀವ ಬಂದ ಹಾಗಾಯಿತು. ಬೀದಿ ದಾಟಿ, ಮಹಡಿ ಹತ್ತಿ ಜೇನುನೊಣ ಬಂದಿದೆ ಎಂದರೆ ಮಲ್ಲಿಗೆ ಜೋರಾಗಿಯೇ ಇದೆ. ಬಸವಮ್ಮನ ತುರುಬಿನಲ್ಲಿ ಅರ್ಧ ಮೊಳ ನಿಜವಾದ ಮಲ್ಲಿಗೆ ಇದ್ದದ್ದನ್ನು ಮುಕ್ಕಾಲು ಮುಚ್ಚಿದ ಕಣ್ಣು ನೋಡಲಿಲ್ಲ.

“ಮಲ್ಲಿಗೆ ಸ್ವಲ್ಪ ಮುಂದೆ ಬಂದ್ಬಿಟ್ಟಿದೆ,” ಎಂದರು ನಿಧಾನವಾಗಿ. “ತಪ್ಪಿಲ್ಲ. ಎರಡು ದಿನ ಡಬ್ಬಿಯಲ್ಲಿದ್ರೆ ಕೂತ್ಕೊಳ್ಳುತ್ತೆ. ಕಳಿಸಬಹುದು.”

ಕಣ್ಣು ಬಿಟ್ಟಾಗ ಬಾಗಿಲಲ್ಲಿ ಚಂದ್ರಮತಿ ನಿಂತಿದ್ದರು. ಹಳೆಯ ಯಜಮಾನರ ಹೆಂಡತಿ; ಅವರು ತೀರಿಕೊಂಡ ಮೇಲೆ ಕಾರ್ಖಾನೆ ನಡೆಸುತ್ತಿರುವವರು. ಚಂದ್ರಮತಿ ಕಡ್ಡಿಯನ್ನು ನೋಡಿದರು, ಬಸವಮ್ಮನನ್ನು ನೋಡಿದರು, ಹೊರಟುಹೋದರು. ಸ್ವಲ್ಪ ಹೊತ್ತಿಗೆ ಬಸವಮ್ಮನನ್ನು ಕರೆದದ್ದು ಕೇಳಿಸಿತು.

ಮೂರು ಗಂಟೆಗೆ ಮಹದೇವು ಬಂದು ಕೂತರು. ಈ ಸಲ ಕಡ್ಡಿ ಹಚ್ಚಿ ತಂದವರು ಚಂದ್ರಮತಿಯೇ. ಸಹಾಯರಾಜ್ ಮತ್ತೆ ಕಣ್ಣು ಮುಚ್ಚಿದರು, ಮತ್ತೆ ಮಲ್ಲಿಗೆ ಸ್ವಲ್ಪ ಮುಂದಿದೆ ಎಂದರು.

“ಇವ್ರು ಮೂಸಿ ಹೂಂ ಅಂದ್ರೆ ಮುಗೀತು ಕಣ್ರಮ್ಮ,” ಎಂದರು ಮಹದೇವು. “ನಂಗೆ ಬತ್ತಿಗಿಂತ ಇವ್ರು ಮೂಸೋದ್ ನೋಡೋದೇ ಒಂದು ಖುಷಿ. ದೇವರ ಮುಂದೆ ಕೂತಂಗೆ ಕೂತಿರ್ತಾರೆ.” ಹೋದ ಸಲಕ್ಕಿಂತ ನಾಲ್ಕು ಪೆಟ್ಟಿಗೆ ಹೆಚ್ಚಿಗೆ ಕಟ್ಟಿಸಿಕೊಂಡು ಹೋದರು.

ಅವರು ಮೆಟ್ಟಿಲು ಇಳಿದ ಮೇಲೆ ಚಂದ್ರಮತಿ ಬಾಗಿಲು ಮುಂದೆ ಮಾಡಿದರು.

“ಬೆಳಿಗ್ಗೆ ಮೂಸಿದ್ರಲ್ಲ ಸಹಾಯರಾಜ್, ಅದು ಯಾವ ಬತ್ತಿ?”

“ಮಲ್ಲಿಗೆ ಅಮ್ಮಾ.”

“ಅದು ಸೆಂಟಿಗೆ ಅದ್ದೇ ಇರ್ಲಿಲ್ಲ. ಬಸವಮ್ಮಂಗೆ ನೆಗಡಿ, ಗೊತ್ತಾಗದೆ ಬೇರೆ ತಟ್ಟೆಯಿಂದ ಬರೀ ಕಡ್ಡಿ ತಂದಿದ್ಲು. ಬಾಗಿಲಿಗೆ ಬಂದ್ರೆ ಇದ್ದಿಲು ಸುಟ್ಟ ವಾಸನೆ.”

ಸಹಾಯರಾಜ್ ಕೈ ನೋಡಿಕೊಂಡರು. ಸುಳ್ಳು ಹೇಳಲು ಬಾಯಿ ತೆರೆದರು. ಹೋದ ವರ್ಷದಷ್ಟಿಲ್ಲ ಎಂಬುದು ಬಿಟ್ಟು ಬೇರೇನೂ ಸಿಗಲಿಲ್ಲ.

“ಜ್ವರ ಬಂತಲ್ಲಮ್ಮ, ಆವಾಗಿಂದ,” ಎಂದರು. “ನಾಳೆಯಿಂದ ಬರಲ್ಲ. ಬೇರೆಯವರನ್ನ ನೋಡ್ಕೊಳ್ಳಿ.”

“ಯಾಕೆ? ನಂಗೇನು ಇವತ್ತು ಗೊತ್ತಾಗಿದ್ದಾ? ಹೋದ ದೀಪಾವಳಿಲಿ ಕೆಳಗಡೆ ಚರಂಡಿ ಒಡೆದು ನಾವೆಲ್ಲ ಮೂಗು ಮುಚ್ಕೊಂಡು ಬೀದಿಗೆ ಓಡಿದ್ವಿ. ನೀವು ಕಿಟಕಿ ತೆಗೆದು ಊಟದ ಡಬ್ಬಿ ಬಿಚ್ಚಿದ್ರಿ.”

“ಮತ್ತೆ ಯಾಕೆ ಇಟ್ಕೊಂಡ್ರಿ?”

ಚಂದ್ರಮತಿ ಮೂಲೆಯಲ್ಲಿದ್ದ ನೀಲಿ ಡ್ರಮ್ ತೋರಿಸಿದರು. “ಯಜಮಾನರ ಕಾಲದಲ್ಲಿ ನೀವು ಹದಿನಾಲ್ಕು ಬಾಟ್ಲಿ ಇಟ್ಕೊಂಡು ಬೆರೆಸ್ತಿದ್ರಿ, ಆವಾಗ ಮೂಗು ಬೇಕಿತ್ತು. ಈಗ ಬೆರೆಸಿದ ಸೆಂಟೇ ಬರುತ್ತೆ. ಪ್ರತಿ ಡ್ರಮ್ಮೂ ಒಂದೇ ಥರ. ಮೂರು ವರ್ಷದಲ್ಲಿ ಒಂದು ಪ್ಯಾಕೆಟ್ ವಾಪಸ್ ಬಂದಿದ್ಯಾ? ವಾಸನೆ ನೋಡೋದು ಡ್ರಮ್ಮಿನೋರ ಕೆಲಸ. ಮಹದೇವು ಬರೋದು ನಿಮ್ಮನ್ನ ನೋಡಕ್ಕೆ.” ಬಾಗಿಲು ತೆಗೆದು, ನಿಂತು, ಇನ್ನೊಂದು ಮಾತು ಸೇರಿಸಿದರು. “ಕಣ್ಣು ಮಾತ್ರ ಪೂರ್ತಿ ಮುಚ್ಚಿ. ಬಸವಮ್ಮನ ಮುಖ ನೋಡೋದು ಬೇಕಾಗಿಲ್ಲ.”

ಅದರಲ್ಲಿ ಕೊಂಕಿರಲಿಲ್ಲ. ಕಿಟಕಿಗೆ ಪರದೆ ಹಾಕಿಸಿ ಎಂದು ಹೇಳುವಾಗಲೂ ಅವರ ದನಿ ಹಾಗೆಯೇ ಇರುತ್ತದೆ. ಬೈದು ಕಳಿಸಿದ್ದರೆ ಮೂಗು ಇದ್ದದ್ದಕ್ಕೊಂದು ಬೆಲೆ ಬರುತ್ತಿತ್ತು. ಮೂರು ವರ್ಷ ಇಲ್ಲದೆಯೂ ಎಲ್ಲ ನಡೆದಿತ್ತು.

ಮೆಟ್ಟಿಲ ಕೆಳಗೆ ಬಸವಮ್ಮ ಕಾಯುತ್ತಿದ್ದಳು. ಸೆರಗು ಬಿಚ್ಚಿದ್ದಳು, ಮೂಗು ಕೆಂಪಗಾಗಿತ್ತು.

“ತೆಪ್ಪಾಯ್ತು ಕಣಣ್ಣ. ಮೂರ್ ವರ್ಸದಿಂದ ಒಂದಿನಾನೂ ತೆಪ್ಪಿಸಿರ್ನಿಲ್ಲ ನಾನು. ನನ್ ಮೊಕ ನಿಮಗೆ ಕಾಣ್ಲಿ ಅಂತ ಬೆಳಕಿರೋ ಕಡೇಲೇ ನಿಂತ್ಕತಿದ್ದೆ. ಇವತ್ತು ನೆಗಡಿ ಬಂದ್ಬುಡ್ತು.”

ಸಹಾಯರಾಜ್ ಕೊನೆಯ ಮೆಟ್ಟಿಲು ಇಳಿದರು. “ಎಡಗಣ್ಣು?”

“ಅದೂ ನಿಮಗೇಯ. ನಂಗ್ಯಾವ ಘಾಟು? ದಿನಾ ಅದ್ರಲ್ಲೇ ಕೈಯಿಟ್ಕಂಡಿರೋಳು.”

“ಶುಂಠಿ ಕಷಾಯ ಕುಡಿ ಬಸವಮ್ಮ,” ಎಂದು ಹೇಳಿ ಅವರು ಸ್ಕೂಟರ್ ತೆಗೆದರು. ಸೀಟಿನ ಮೇಲೆ ಮತ್ತೆ ಯಾವುದೋ ಹೂ ಬಿದ್ದಿತ್ತು. ಒರೆಸದೆ ಕೂತರು.

ಮನೆಗೆ ಬಂದಾಗ ರೋಸಮ್ಮ ಹಿತ್ತಲ ಮೆಟ್ಟಿಲ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ರೊಟ್ಟಿ, ಹೆಚ್ಚಿದ ಈರುಳ್ಳಿ. ಗಂಡನನ್ನು ನೋಡಿ ಅಭ್ಯಾಸದಂತೆ ತಟ್ಟೆಯನ್ನು ಆಚೆ ಸರಿಸಿದರು. ಸಹಾಯರಾಜ್ ಒಂದು ಮೆಟ್ಟಿಲು ಕೆಳಗೆ ಕೂತು, ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡರು.

“ರೀ,” ಎಂದರು ರೋಸಮ್ಮ.

ಕರುಂ ಎಂದು ಸದ್ದಾಯಿತು. ತಣ್ಣಗೆ, ನೀರುನೀರಾಗಿತ್ತು. ಇಪ್ಪತ್ತೆಂಟು ವರ್ಷ ಬಿಟ್ಟಿದ್ದು ಇದನ್ನೇ ಎಂದು ಯಾರಾದರೂ ಪಕ್ಕದಲ್ಲಿದ್ದು ಹೇಳಬೇಕಿತ್ತು. ಕಣ್ಣಿಗೆ ಮಾತ್ರ ಗುರುತು ಸಿಕ್ಕಿ ಉರಿಯತೊಡಗಿತು. ಅವರು ಇನ್ನೊಂದು ಹೋಳು ತೆಗೆದುಕೊಂಡರು.

ರೋಸಮ್ಮ ತಟ್ಟೆಯನ್ನೂ ನೋಡಿದರು, ಗಂಡನ ಮುಖವನ್ನೂ ನೋಡಿದರು.

“ಉಪ್ಪು ಹಾಕ್ಲಾ?”

“ಹಾಕು,” ಎಂದರು ಸಹಾಯರಾಜ್. “ಅದೊಂದು ಇನ್ನೂ ಗೊತ್ತಾಗುತ್ತೆ.”