ಡಬಲ್ ಡೆಕರ್‌ಗೆ ಹೊಂದಿದ ಕಂಪೈಲರ್

ಮೊಣಕಾಲು ನೋವಿನಿಂದಾಗಿ ನಮ್ಮ ಮಾವ ಮುಂಬೈನ ಕಾಂದಿವಲಿಯ ಬಿಲ್ಡಿಂಗ್ ಇಳಿಯುವುದನ್ನೇ ಬಿಟ್ಟಿದ್ದರು. ಬೈಕುಲ್ಲಾ ಕಡೆ ಡಬಲ್ ಡೆಕರ್ ಓಡಿಸಿದ ಡ್ರೈವರ್ ಅವರು. ಬಸ್ ಓಡಿಸುವ ಕಂಪ್ಯೂಟರ್ ಗೇಮೊಂದಕ್ಕೆ ಅದೇ ಕೆಂಪು ಬಸ್ ಸೇರಿಸಿಕೊಡೋಣ ಅಂತ ನಾನು ‘ಮಾಡ್’, ಅಂದರೆ ಗೇಮಿಗೆ ಹೊರಗಿನಿಂದ ಜೋಡಿಸುವ ಕೋಡ್, ಬರೆಯಲು ಕೂತೆ.

ಬರೆದ ಕೋಡನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬದಲಿಸುವುದು ಕಂಪೈಲರ್. ಇದ್ದುದರಲ್ಲಿ ಹೊಚ್ಚಹೊಸದನ್ನೇ ಆರಿಸಿದೆ. ಬಸ್ ಕಾಣಿಸುವ ಮೊದಲೇ ಗೇಮ್ ಮುಚ್ಚಿಕೊಳ್ಳುತ್ತಿತ್ತು. ನನ್ನ ಕೋಡೇ ಸರಿಯಿಲ್ಲವೆಂದು ವಾರವೆಲ್ಲ ತಿದ್ದಿದೆ. ಕೊನೆಗೆ ಮಾಡ್ ಮಾಡುವವರ ಆನ್‌ಲೈನ್ ಗುಂಪಿನಲ್ಲಿ ಕೇಳಿದಾಗ, ಗುರುತಿಲ್ಲದ ಯಾರೋ ಬರೆದರು: “ಗೇಮನ್ನು ಯಾವ ಕಂಪೈಲರ್‌ನಲ್ಲಿ ಕಟ್ಟಿದ್ದಾರೆ ನೋಡಿ. ಹಳೆಯದಾದರೂ ಅದನ್ನೇ ಹಾಕಿ.”

ಹಾಕಿದೆ. ಡಿಪೋದಲ್ಲಿ ಕೆಂಪು ಬಸ್ ಬಂದು ನಿಂತಿತು. ಮಾವನನ್ನು ಕರೆದು ಕೂರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡುತ್ತಲೇ ಕೂತರು. ಬಸ್ ಅಲುಗಲಿಲ್ಲ.

“ಯಾಕ್ರಿ ಮಾವಾ, ಮತ್ತ ಕೆಟ್ಟೈತೇನ್ರಿ?”

“ಕೆಟ್ಟಿಲ್ಲವ್ವಾ. ಕಂಡಕ್ಟರ್ ಘಂಟಿ ಹೊಡೀಲಾರದ ಬಸ್ ಹೆಂಗ ಬಿಡ್ಲಿ?”

ಸ್ಟೀಲ್ ಲೋಟಕ್ಕೆ ಚಮಚದಿಂದ ಎರಡು ಸಲ ಬಡಿದೆ. ಬಸ್ ಹೊರಟಿತು. ಈಗ ಅಡುಗೆಮನೆಯಲ್ಲಿದ್ದರೂ ಪ್ರತಿ ಸ್ಟಾಪಿಗೂ ನನಗೆ ಕೂಗು ಬರುತ್ತದೆ. ಘಂಟೆ ಬಾರಿಸಲೂ ಒಂದು ಕೋಡ್ ಬರೆಯುವ ತನಕ ಈ ಮನೆಯ ಕಂಡಕ್ಟರ್ ನಾನೇ.