ಎರಡನೆಯ ಕಿವಿ

ಅಣ್ಣನ ಬಲಗಿವಿಯ ಮೇಲಂಚಿನಲ್ಲಿ ಜೋಳದ ಕಾಳಿನಷ್ಟು ಚರ್ಮ ಸುಟ್ಟು ಹೊಳೆಯುತ್ತಿತ್ತು. ಹಿಂದೊಮ್ಮೆ ಯಾವುದೋ ದೂರದ ಸ್ಟೇಷನ್ನಿನ ಸಣ್ಣ ದನಿಯನ್ನು ಹಿಡಿಯುವ ಭರದಲ್ಲಿ, ಪೆನ್ಸಿಲ್ ಎಂದು ತಿಳಿದು ಕಾದ ಸೋಲ್ಡರಿಂಗ್ ಕಡ್ಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದನಂತೆ. ಅತ್ತಿಗೆ ಮನೆಗೆ ಬಂದವರಿಗೆಲ್ಲ ಇದನ್ನು ಹೇಳಿ ನಗುತ್ತಿದ್ದಳು. ಚರ್ಮ ಸುಟ್ಟ ವಾಸನೆ ಬಂದು ಇವಳು ಕೂಗಿಕೊಂಡರೆ, ಸುಮ್ಮನಿರು, ಸ್ಟೇಷನ್ ಬರುತ್ತಿದೆ ಎಂದು ಅವನು ಕೈಸನ್ನೆ ಮಾಡಿದ್ದನಂತೆ.

ನಮ್ಮೂರು ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲಿದೆ. ನಾವು ಹೊಳೆಯನ್ನೇ ನಂಬಿ ಬದುಕಿದವರು. ಅಣ್ಣ ಬೆಳಿಗ್ಗೆ ಹರಿಗೋಲಿನಲ್ಲಿ ಹೋಗಿ ಬಲೆ ಎತ್ತಿ, ಮೀನು ತಂದು ನನ್ನ ಮುಂದೆ ಸುರಿದು, ಮೈ ತೊಳೆದುಕೊಂಡು ಸುರಪುರದ ಬಸ್ಸು ಹತ್ತುತ್ತಿದ್ದ. ಅಲ್ಲಿ ಒಂದು ಮೆಟ್ಟಿಲ ಕೆಳಗಿನ ಗೂಡು ಅವನ ರೇಡಿಯೊ ಅಂಗಡಿ. ಮೈಯಿಂದ ಮೀನಿನ ವಾಸನೆ ಪೂರ್ತಿ ಹೋಗುತ್ತಿರಲಿಲ್ಲ. ಗಿರಾಕಿಗಳು ಮೂಗು ಮುರಿದರೆ, "ಮೂಗಿನ ಕೆಲಸ ಇಲ್ಲಿಲ್ರಿ, ಕಿವಿ ಕೊಡ್ರಿ" ಎನ್ನುತ್ತಿದ್ದ.

ರೇಡಿಯೊದ ತಿರುಗಿಸುವ ಗುಂಡಿಗೆ ನಮ್ಮ ಕಡೆ ಕಿವಿ ಎನ್ನುತ್ತಾರೆ. ಕಿವಿ ಹಿಂಡಿದರೆ ರೇಡಿಯೊ ಮಾತಾಡುತ್ತದೆ. ಅಣ್ಣನಿಗೆ ಅದು ಬರಿಯ ಮಾತಾಗಿರಲಿಲ್ಲ. ಕೆಟ್ಟ ರೇಡಿಯೊ ಅಪರೂಪ, ಕಿವುಡಾದವೇ ಹೆಚ್ಚು ಎಂದು ಅವನು ನಂಬಿದ್ದ. ಸಗರದ ಮುದುಕರೊಬ್ಬರು ಒಂದೇ ರೇಡಿಯೊವನ್ನು ಮೂರು ಸಲ ಹೊತ್ತು ತಂದರು. ಅಂಗಡಿಯಲ್ಲಿ ಚೆನ್ನಾಗಿ ಹಾಡುತ್ತಿತ್ತು, ಅವರ ಮನೆಗೆ ಹೋದ ಕೂಡಲೇ ಬರೀ ಗೊರಗೊರ. ಮೂರನೆಯ ಸಲ ಅಣ್ಣ ಅವರ ಜೊತೆಯಲ್ಲೇ ಸಗರಕ್ಕೆ ಹೋದ, ನನ್ನನ್ನೂ ಕರೆದೊಯ್ದ. ಮನೆಯೊಳಗೆ ನಿಂತು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಆಲಿಸಿದ. ಆಮೇಲೆ ಗೋಡೆಯಲ್ಲಿ ಸಿಕ್ಕಿಸಿದ್ದ ಒಂದು ಅಗ್ಗದ ಮೊಬೈಲ್ ಚಾರ್ಜರನ್ನು ಕಿತ್ತ. ರೇಡಿಯೊ ಹಾಡತೊಡಗಿತು. ಮುದುಕರು ಇದೇನು ಮಾಟವೋ ಎಂಬಂತೆ ನೋಡಿದರು. ಅಣ್ಣ ಅವರ ಹತ್ತಿರ ಏನನ್ನೂ ತೆಗೆದುಕೊಳ್ಳದೆ, ಒಂದು ಲೋಟ ಮಜ್ಜಿಗೆ ಕುಡಿದು ಎದ್ದ.

ಇನ್ನೊಂದು ಸಂಗತಿ. ಅವನ ಅಂಗಡಿಯ ಎದುರಿನ ಚಹಾದಂಗಡಿಗೆ ಪೊಲೀಸ್ ಜೀಪು ಬಂದು ನಿಲ್ಲುತ್ತಿತ್ತು. ಜೀಪಿನವರು ವೈರ್‌ಲೆಸ್ಸಿನಲ್ಲಿ ಮಾತಾಡಿದಾಗಲೆಲ್ಲ ಅಣ್ಣನ ಮೇಜಿನ ಮೇಲಿನ ರೇಡಿಯೊ ಬಾಯಿ ಮುಚ್ಚುತ್ತಿತ್ತು, ಅವರು ನಿಲ್ಲಿಸಿದರೆ ಮತ್ತೆ ಬಿಡುತ್ತಿತ್ತು. ನಾನು ಕಾರಣ ಕೇಳಿದೆ. ಏಳನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ನನಗೆ ತಿಳಿಯುವ ಹಾಗೆ ಹೇಳಿದ:

"ನಿನ್ನ ಮಗ್ಗಲಾಗ ನಿಂತು ಒಬ್ಬಾಂವ ಜೋರು ಒದರಾಕತ್ತಾನ ಅಂತ ತಿಳಿ ತಂಗೆವ್ವ. ಆಗ ಆಚಿ ದಂಡಿಯಿಂದ ಯಾರರೆ ನಿನ್ನ ಕರದ್ರ ಕೇಳ್ತದೇನು? ಅವರು ಕರದದ್ದು ನಿನ್ನ ತನಕ ಬಂದಿರ್ತದ. ಕಿವಿ ತುಂಬಿರ್ತದ, ಅಷ್ಟ."

ಹೊಳೆಯ ನಡುವೆ ಮೊಬೈಲ್ ಹಿಡಿಯುವುದಿಲ್ಲ. ಅದಕ್ಕೆಂದು ಅಣ್ಣ ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಿಂದ ಎರಡು ಸಣ್ಣ ವಾಕಿಟಾಕಿ ತಂದು ರಿಪೇರಿ ಮಾಡಿದ. ಒಂದು ಅವನ ಜೊತೆ ಹರಿಗೋಲಿನಲ್ಲಿ, ಇನ್ನೊಂದು ದಂಡೆಯ ಮೇಲೆ ನಾನು ಮೀನು ತೂಗುವ ತಗಡಿನ ಶೆಡ್ಡಿನಲ್ಲಿ, ಮೊಳೆಗೆ. ಒಂದೊಂದು ಸೆಟ್ಟಿಗೂ ಎರಡು ಕಿವಿ. ಮೊದಲನೆಯದು ದನಿ ಹೆಚ್ಚು ಕಡಿಮೆ ಮಾಡುವುದು. ಎರಡನೆಯದು ಯಾರೂ ಮಾತಾಡದಿದ್ದಾಗ ಬರುವ ಸುರ್ ಎಂಬ ಸದ್ದನ್ನು ಅಡಗಿಸುವುದು. ಅದನ್ನು ಪೂರ್ತಿ ಹಿಂಡಿದರೆ ಸೆಟ್ಟು ತಣ್ಣಗಾಗುತ್ತದೆ, ಆದರೆ ದೂರದ ಸಣ್ಣ ದನಿಯೂ ಒಳಗೆ ಬರುವುದಿಲ್ಲ. ಅಣ್ಣ ಅದನ್ನು ಸದಾ ಬಿಚ್ಚಿಯೇ ಇಡುತ್ತಿದ್ದ. ನನಗೆ ಆ ಸದ್ದು ತಲೆನೋವು. ಬೈದರೆ ಹೇಳುತ್ತಿದ್ದ: "ಸುರ್ ಅನ್ನಾಕತ್ತದ ಅಂದ್ರ ಸೆಟ್ಟಿಂದು ಕಿವಿ ತೆರದದ ಅಂತ ತಿಳಿ. ಗೊರಗೊರ ಅಂತು ಅಂದ್ರ ಮಗ್ಗಲಾಗ ಎಲ್ಲೆರೆ ಚಾರ್ಜರ್ ಅದ ಏನು ನೋಡು, ಅದನ್ನ ಕೀಳು. ಎರಡನೇ ಕಿವಿಗೆ ಮಾತ್ರ ಕೈ ಹಚ್ಚಬ್ಯಾಡ."

ಆ ದಿನ ಮೇಲೆಲ್ಲೋ ಮಳೆಯಾಗಿ ನೀರು ಏರುವ ಸುದ್ದಿ ಇತ್ತು. ಬಲೆಗಳು ಕೊಚ್ಚಿ ಹೋಗಬಾರದೆಂದು ಅಣ್ಣ ಒಬ್ಬನೇ ಹೊರಟ. ಶೆಡ್ಡಿನ ಹಿಂದೆ ಐದು ಜನ ತಮ್ಮ ಹರಿಗೋಲುಗಳನ್ನು ಬೋರಲು ಹಾಕಿಕೊಂಡು ಮಾತಾಡುತ್ತ ಕೂತಿದ್ದರು. ಕರೆದರೆ ಹೋಗುವವರು. ಕೇಳಿಸಿಕೊಂಡು ಅವರಿಗೆ ಹೇಳುವುದು, ಅಷ್ಟೇ ನನ್ನ ಕೆಲಸ.

ನಾನು ಮೊಬೈಲನ್ನು ಚಾರ್ಜಿಗೆ ಹಾಕಿ ಧಾರಾವಾಹಿ ನೋಡುತ್ತಿದ್ದೆ. ಸೆಟ್ಟು ಗೊರಗೊರ ಎನ್ನತೊಡಗಿತು. ಚಾರ್ಜರ್ ಕಿತ್ತರೆ ಮೊಬೈಲ್ ಆರುತ್ತಿತ್ತು, ಕತೆ ಅರ್ಧಕ್ಕೆ ನಿಲ್ಲುತ್ತಿತ್ತು. ಕೈ ಚಾಚಿ ಎರಡನೆಯ ಕಿವಿಯನ್ನು ಕೊನೆಯವರೆಗೆ ಹಿಂಡಿದೆ. ಎಷ್ಟು ಹಿತವೆನಿಸಿತೆಂದರೆ, ಇಷ್ಟು ದಿನ ಯಾಕೆ ಹೀಗೆ ಮಾಡಲಿಲ್ಲ ಎಂದುಕೊಂಡೆ.

ಅಣ್ಣ ಊಟದ ಹೊತ್ತಿಗೂ ಬರಲಿಲ್ಲ. ಹುಡುಕಿ ಹೋದವರಿಗೆ ಹರಿದ ಹರಿಗೋಲು ಸಿಕ್ಕಿತು. ಅಣ್ಣ ಮರುದಿನ ಸಿಕ್ಕ, ಬಹಳ ಕೆಳಗೆ, ಜಾಲಿಗಿಡಕ್ಕೆ ಸಿಕ್ಕಿಕೊಂಡು. ಸುಟ್ಟ ಕಲೆ ನೋಡಿ ಗುರುತು ಹಿಡಿದೆ.

ಮೂರನೆಯ ದಿನ ಆಚೆ ದಂಡೆಯ ಕುರಿ ಕಾಯುವವನೊಬ್ಬ ಬಂದು ಅತ್ತಿಗೆಯ ಮುಂದೆ ಕೂತ. ಅವನ ತಪ್ಪೇನೂ ಇರಲಿಲ್ಲ, ಆದರೂ ತಲೆ ಎತ್ತಲಿಲ್ಲ.

"ನಾ ನೋಡೀನಿ ಯವ್ವ. ನಡುಹೊಳ್ಯಾಗ ಬಂಡೆಗಲ್ಲಿನ ಮ್ಯಾಲೆ ಕುಂತಿದ್ದ. ಕೈಯಾಗಿನ ಸೆಟ್ ಬಾಯಿಗೆ ಹಿಡಕೊಂಡು ಒಂದು ತಾಸು ಮಾತಾಡಿದ. ಯಾರ ಜೋಡಿನೋ ಮಾತಾಡಾಕತ್ತಾನ, ಬರ್ತಾರ, ಕರಕೊಂಡು ಹೋಗ್ತಾರ ಅಂತ ನಾ ಸುಮ್ನಾದ್ನಿ. ಕುರಿ ಹೊಡಕೊಂಡು ಹೋದ್ನಿ."

ಅತ್ತಿಗೆ ನನ್ನ ಕಡೆ ತಿರುಗಿದಳು. "ನಿನಗ ಕೇಳಿಲ್ಲೇನ?" ಎಂದಳು.

"ಇಲ್ಲ. ಸೆಟ್ ಕೆಟ್ಟಿತ್ತು" ಎಂದೆ.

ಅಷ್ಟರಲ್ಲಿ ನಾನು ಆ ಕಿವಿಯನ್ನು ಮೊದಲಿದ್ದಲ್ಲಿಗೆ ತಿರುಗಿಸಿಟ್ಟಾಗಿತ್ತು. ಅಣ್ಣ ಕಾಣುತ್ತಿಲ್ಲ ಎಂಬ ಕೂಗು ಎದ್ದಾಗಲೇ, ಯಾರೂ ಹೇಳಿಕೊಡದೆ, ನನ್ನ ಕೈ ಮಾಡಿದ ಮೊದಲ ಕೆಲಸ ಅದು.

ಮಾತು ನನ್ನ ಬಾಯಿಂದ ಸುರಪುರದವರೆಗೆ ಹೋಯಿತು. ಊರಿನ ರೇಡಿಯೊ ಎಲ್ಲ ರಿಪೇರಿ ಮಾಡಿದವನು ತನ್ನ ಸೆಟ್ಟನ್ನು ಸರಿಯಾಗಿ ಇಟ್ಟುಕೊಳ್ಳಲಿಲ್ಲ ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು. ಹುಣಸಗಿಯ ಒಬ್ಬ ಗಿರಾಕಿ ರಿಪೇರಿಗೆ ಬಿಟ್ಟಿದ್ದ ರೇಡಿಯೊ ಒಯ್ಯಲು ಬಂದು, ಇದನ್ನೂ ಹಾಗೇ ಮಾಡಿಟ್ಟಿದ್ದಾನೋ ಏನೋ ಎಂದು ಅತ್ತಿಗೆಯ ಎದುರಿಗೇ ಅಂದ. ಅತ್ತಿಗೆ ರೇಡಿಯೊ ತಂದು ಅವನ ಕೈಗೆ ಕೊಟ್ಟಳು. ಕಿವಿ ಸುಟ್ಟ ಕತೆಯನ್ನು ಆಮೇಲೆ ಅವಳು ಹೇಳಿದ್ದು ನಾನು ಕೇಳಿಲ್ಲ. ಸಗರದ ಮುದುಕರು ಮಾತ್ರ ಬಂದು, "ಅಂವ ಮಾಡಿದ್ದು ಕೆಡೂದಿಲ್ಲವ್ವ" ಎಂದು ಎರಡು ಸಲ ಹೇಳಿದರು. ನಾನು ಒಳಗೆ ಹೋದೆ.

ಸೆಟ್ಟು ನನ್ನ ಹತ್ತಿರವೇ ಇದೆ. ಒಮ್ಮೊಮ್ಮೆ ಚಾಲು ಮಾಡಿ ಎರಡನೆಯ ಕಿವಿಯನ್ನು ಪೂರ್ತಿ ಬಿಚ್ಚುತ್ತೇನೆ. ಸುರ್ ಎನ್ನುತ್ತದೆ. ಇನ್ನೊಂದು ಸೆಟ್ಟು ಹೊಳೆಯ ತಳದಲ್ಲಿದೆ, ಅದು ನನಗೆ ಗೊತ್ತು. ಆದರೂ ಆಲಿಸುತ್ತೇನೆ. ಒಂದು ತಾಸು ಅವನು ಏನು ಮಾತಾಡಿರಬಹುದು? ಮೊದಲು ನನ್ನನ್ನು ಕರೆದಿರುತ್ತಾನೆ. ಬೈದಿರುತ್ತಾನೆ. ನೀರು ಮೊಣಕಾಲಿಗೆ ಬಂದ ಮೇಲೆ? ನನ್ನ ಕೈ ಎರಡನೆಯ ಕಿವಿಗೆ ಹೋಗಿದೆ ಎಂದು ಅವನಿಗೆ ತಿಳಿದಿತ್ತೇ? ಬರೀ ಆಲಿಸಿಯೇ ಎಲ್ಲರ ಸೆಟ್ಟಿನ ದೋಷ ಹೇಳುತ್ತಿದ್ದವನು. ತಿಳಿದೇ ಇರುತ್ತದೆ.

ಅತ್ತಿಗೆಗೆ ಓದಲು ಬರುವುದಿಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆದಿದ್ದೇನೆ. ಯಾರಾದರೂ ಅವಳಿಗೆ ಇದನ್ನು ಓದಿ ಹೇಳಲಿ. ಪೂರ್ತಿ ಓದಲು ಆಗದಿದ್ದರೆ ಇಷ್ಟಾದರೂ ಹೇಳಲಿ: ಸೆಟ್ಟು ಕೆಟ್ಟಿರಲಿಲ್ಲ.